ಪುಡಿಯಾಗುವ ಮೊದಲೇ ಹೆಕ್ಕಿ

ಕೇಳುಗರೆಲ್ಲರಿಗೂ ನಮಸ್ಕಾರ. ಮಣ್ಣಿನ ಪಾಠ ಹೇಳಿಕೊಂಡು ಬಂದವನು ನಾನು. ಇವತ್ತು ಗಾಳಿಯ ವಿಷಯ ಮಾತಾಡಿ ಅಂತ ಕರೆದಿದ್ದಾರೆ. ಗಾಳಿ ಅಂದರೂ ನನಗೆ ಮೊದಲು ಕಾಣೋದು ಅದರಲ್ಲಿ ಹಾರೋ ಮಣ್ಣೇ. ಅಡಿಕೆ ಸುಲೀತಾ ರೇಡಿಯೋ ಹಚ್ಚಿಕೊಂಡು ಕೂತವರು ಒಂದಷ್ಟು ಜನ ಇರ್ತೀರಿ. ಈ ಮಾತು ಮೊದಲು ನಿಮಗೆ, ಆಮೇಲೆ ಶಿವಮೊಗ್ಗ ಪೇಟೆಯವರಿಗೆ.

ಹೇಳಬೇಕಾದ್ದು ಒಂದೇ. ಪ್ಲಾಸ್ಟಿಕ್ಕನ್ನು ಪುಡಿಯಾಗುವ ಮೊದಲೇ ಹೆಕ್ಕಿಬಿಡಿ. ಪುಡಿಯಾದ ಮೇಲೆ ಹೆಕ್ಕೋಕೆ ಆಗೋದಿಲ್ಲ, ಗಾಳಿ ಹೊತ್ತುಕೊಂಡು ಹೋಗ್ತದೆ. 5 ಮಿಲಿಮೀಟರಿಗಿಂತ ಸಣ್ಣ ಚೂರಿಗೆ ಮೈಕ್ರೋಪ್ಲಾಸ್ಟಿಕ್ ಅಂತಾರೆ. ಅದರಲ್ಲಿ ಕಣ್ಣಿಗೆ ಕಾಣೋದಕ್ಕಿಂತ ಕಾಣದ್ದೇ ಹೆಚ್ಚು.

ಸಾಗರದ ಹತ್ತಿರ ನಮ್ಮ ಭಾವನವರ ಅಡಿಕೆ ತೋಟ ಇದೆ. ಕೊಳೆರೋಗ ಬರಬಾರದು ಅಂತ ಮಳೆಗಾಲಕ್ಕೆ ಕೊನೆಗಳಿಗೆ, ಅಂದರೆ ಅಡಿಕೆ ಗೊಂಚಲುಗಳಿಗೆ, ಮಳೆ ತಾಗದ ಹಾಗೆ ಕೊಟ್ಟೆ ಅನ್ನೋ ಹೊದಿಕೆ ಕಟ್ಟಿಸ್ತಾರೆ. ಹಿಂದೆ ಕರಡದ, ಅಂದರೆ ಒಣಹುಲ್ಲಿನ, ಕೊಟ್ಟೆ ಇತ್ತು. ಈಗ ತೆಳು ಪ್ಲಾಸ್ಟಿಕ್ಕಿನದ್ದು. ಅಗ್ಗ, ಹಗುರ, ಮರ ಹತ್ತಿ ಕಟ್ಟೋ ಕೊನೆಗಾರನಿಗೂ ಸಲೀಸು. ಅದನ್ನು ನಾನು ತಪ್ಪು ಅನ್ನೋಲ್ಲ. ಕೊಳೆ ಬಂದು ಕಾಯಿ ಉದುರಿದ ತೋಟ ನೋಡಿದವರ‍್ಯಾರೂ ಅನ್ನೋಲ್ಲ. ಆದರೆ ಕೊಯ್ಲಾದ ಮೇಲೆ ಆ ಕೊಟ್ಟೆ ಏನಾಯ್ತು ಅಂತ ಯಾರಾದರೂ ಕೇಳ್ತಾರಾ?

ಹೋದ ಬೇಸಿಗೆಯಲ್ಲಿ ನಾನು ಕೇಳಿದೆ. ಭಾವ ಕೊಟ್ಟಿಗೆ ಹಿಂದೆ ಕರಕೊಂಡು ಹೋದರು. ಬೇಲಿ ಮೂಲೆಯಲ್ಲಿ ಹಳೇ ಕೊಟ್ಟೆಗಳ ರಾಶಿ, ಎರಡು ಬೇಸಿಗೆ ಬಿಸಿಲು ಕುಡಿದದ್ದು. "ಇನ್ನೂ ಒಂದು ವರ್ಷ ಕಟ್ಟಬಹುದು ನೋಡಿ" ಅಂತ ಒಂದು ಹಿಡಿ ಎಳೆದರು. ಎಳೆದದ್ದು ಕೈಯಲ್ಲೇ ಪರಪರ ಮುರಿದು ಹುಡಿಯಾಯ್ತು. ಅಂಗೈ ತೆರೆದು ತೋರಿಸೋ ಹೊತ್ತಿಗೆ ಒಂದು ಗಾಳಿ ಬಂತು, ಕೈ ಖಾಲಿ. "ಎಲ್ಲಿ ಹೋಯ್ತು ಭಾವ?" ಅಂದೆ. "ಗಾಳಿಗೆ ಹೋಯ್ತು, ಬಿಡಿ" ಅಂದರು. ಬಿಡೋದು ಹೇಗೆ! ರಾಶಿಯ ಬುಡದ ಮಣ್ಣು ಒಂದು ಮುಷ್ಟಿ ತಂದು ಗಾಜಿನ ಲೋಟದಲ್ಲಿ ಉಪ್ಪುನೀರಿಗೆ ಹಾಕಿ ಕದಡಿದೆ. ಮಣ್ಣು ತಳಕ್ಕೆ ಕೂತಿತು. ಮೇಲೆ ಪೊರೆ ಪೊರೆ ಚೂರು ತೇಲಿತು, ಬಿಸಿಲಿಗೆ ಹಿಡಿದರೆ ಮಿಣಮಿಣ. ಮೊಮ್ಮಗಳು ಎಣಿಸೋಕೆ ಹೊರಟು ಸೋತು ಬಿಟ್ಟಳು. ನಮ್ಮಕ್ಕ ಮಾತ್ರ "ಆ ಲೋಟ ಇನ್ನು ಅಡುಗೆಮನೆ ಒಳಗೆ ಬರೋದು ಬೇಡ" ಅಂದಳು. ಇಡೀ ಮನೆಯಲ್ಲಿ ವಿಷಯ ಸರಿಯಾಗಿ ಅರ್ಥ ಆದದ್ದು ಅವಳಿಗೇ.

ಆಗೋದು ಇಷ್ಟು. ಬಿಸಿಲಿನ ಅತಿನೇರಳೆ ಕಿರಣ ಪ್ಲಾಸ್ಟಿಕ್ಕಿನ ಅಣುಗಳ ಉದ್ದುದ್ದ ಸರಪಳಿಗಳನ್ನು ಕತ್ತರಿಸ್ತದೆ, ಅದು ಪೆಡಸಾಗಿ ಒಡೀತದೆ. ಒಣನೆಲದ ಮೇಲೆ ಗಾಳಿ ಬೀಸಿದಾಗ ಮರಳಿನ ಕಣ ಕುಪ್ಪಳಿಸಿ ಕುಪ್ಪಳಿಸಿ ನೆಲಕ್ಕೆ ಬಡೀತದೆ, ಆ ಏಟಿಗೆ ನುಣುಪು ದೂಳು ಏಳ್ತದೆ, ದೂಳಿನ ಜೊತೆ ಪ್ಲಾಸ್ಟಿಕ್ಕಿನ ಹುಡಿಯೂ ಏಳ್ತದೆ. ಕಣದಲ್ಲಿ ಭತ್ತ ತೂರಿದವರಿಗೆ ಬೇರೆ ಪಾಠ ಬೇಡ: ಕಾಳು ಕಾಲ ಬುಡಕ್ಕೆ, ಜೊಳ್ಳು ದೂರಕ್ಕೆ. ಮರಳಿನ ಸಾಂದ್ರತೆ ನೀರಿನ ಎರಡೂವರೆ ಪಟ್ಟಿಗೂ ಮೇಲೆ. ಪಾಲಿಥೀನ್ ನೀರಿಗಿಂತಲೂ ಹಗುರ. ಹಾಗಾಗಿ ಗದ್ದೆಯ ಮಣ್ಣು ಗದ್ದೆಯ ಆಚೆ ಬದಿಗೆ ಬಿದ್ದರೂ ಪ್ಲಾಸ್ಟಿಕ್ ಪೇಟೆಗೆ ಹೋಗ್ತದೆ. ಟಾರ್ಪಾಲು, ಹಸಿರು ನೆರಳುಬಲೆ, ಗೊಬ್ಬರದ ಚೀಲ, ತರಕಾರಿ ಸಾಲಿಗೆ ಹಾಸೋ ಮಲ್ಚಿಂಗ್ ಹಾಳೆ, ಎಲ್ಲದರದ್ದೂ ಇದೇ ಕತೆ. ಅದಕ್ಕೇ ಹೇಳೋದು, ಪುಡಿಯಾಗುವ ಮೊದಲೇ ಹೆಕ್ಕಿ.

"ನಮ್ಮದು ಮಲೆನಾಡು, ಇಲ್ಲಿ ಗಾಳಿ ಚೊಕ್ಕ" ಅಂತ ಬೀಗೋರು ಇದನ್ನು ಕೇಳಿ. ಫ್ರಾನ್ಸಿನ ಪಿರನೀಸ್ ಬೆಟ್ಟಗಳಲ್ಲಿ, ಊರುಕೇರಿಯಿಂದ ದೂರದ ಜಾಗದಲ್ಲಿ, ಆಕಾಶದಿಂದ ಬಿದ್ದದ್ದನ್ನು ಹಿಡಿದು ಎಣಿಸಿದರು. ದಿನಕ್ಕೆ ಒಂದು ಚದರ ಮೀಟರಿಗೆ ಸರಾಸರಿ 365 ಚೂರು. ಇದು 2019ರಲ್ಲಿ ಪ್ರಕಟವಾದ ಲೆಕ್ಕ. ಯಾರೂ ವಾಸವಿಲ್ಲದ ಬೆಟ್ಟಕ್ಕೇ ಬಿದ್ದದ್ದು ಕೊಡಚಾದ್ರಿಯನ್ನು ನೋಡಿ ದಾರಿ ಬಿಟ್ಟುಕೊಡ್ತದಾ?

ಹೊತ್ತಾಯ್ತು ಅಂತ ಗಾಜಿನಾಚೆಯಿಂದ ಕೈ ತೋರಿಸ್ತಾ ಇದ್ದಾರೆ. ಪೇಟೆಯವರ ಪಾಲು ಚುಟುಕಾಗಿ ಹೇಳಿಬಿಡ್ತೇನೆ. ಬಸ್ಸು, ಲಾರಿ, ಬೈಕುಗಳ ಟೈರು ರಸ್ತೆಗೆ ಉಜ್ಜಿ ಸವೀತದೆ, ಸವೆದದ್ದು ದೂಳಲ್ಲಿ ಸೇರ್ತದೆ. ಅಮೆರಿಕದ ಪಶ್ಚಿಮ ಭಾಗದ ಗಾಳಿಯಲ್ಲಿ ಹಾರಾಡೋ ಮೈಕ್ರೋಪ್ಲಾಸ್ಟಿಕ್ಕಿನಲ್ಲಿ ನೂರಕ್ಕೆ 84 ಪಾಲು ರಸ್ತೆಗಳದ್ದು ಅಂತ 2021ರ ಸಂಶೋಧನೆಯ ಅಂದಾಜು. ಮೇಲಿಂದ ಪಾಲಿಸ್ಟರ್ ಬಟ್ಟೆಯ ಎಳೆ ಬೇರೆ. ಎಳೆ ಉದ್ದಕ್ಕೆ ಇರೋದರಿಂದ ಬೇಗ ಕೆಳಗೆ ಇಳಿಯೋದೇ ಇಲ್ಲ. ಬೆಳಿಗ್ಗೆ ಅಂಗಡಿ ಮುಂದೆ ಒಣ ಕಸಬರಿಗೆಯಲ್ಲಿ ದೂಳೆಬ್ಬಿಸಿ ಪಕ್ಕದವರಿಗೆ ದಾಟಿಸ್ತೀರಲ್ಲ, ದಯವಿಟ್ಟು ನಾಲ್ಕು ಹನಿ ನೀರು ಚಿಮುಕಿಸಿ ಗುಡಿಸಿ.

ತೋಟದವರು ಹೀಗೆ ಮಾಡಿ. ಕಟ್ಟಿಸುವಾಗ ಕೊಟ್ಟೆ ಎಷ್ಟು ಅಂತ ಲೆಕ್ಕ ಇರ್ತದೆ, ಕೊನೆಗಾರನಿಗೆ ದುಡ್ಡು ಕೊಡಬೇಕಲ್ಲ. ಇಳಿಸುವಾಗಲೂ ಅದೇ ಲೆಕ್ಕ ಹಿಡಿಯಿರಿ. ಮೆದುವಾಗಿರುವಾಗಲೇ ಮಡಿಸಿ ಚೀಲಕ್ಕೆ ತುಂಬಿ, ನೆರಳಲ್ಲಿಟ್ಟು, ಪಂಚಾಯ್ತಿಯ ಒಣಕಸದ ಗಾಡಿಗೆ ಕೊಡಿ. ಸುಡಬೇಡಿ, ವಿಷದ ಹೊಗೆ ಮೊದಲು ಬರೋದು ನಿಮ್ಮ ಜಗಲಿಗೇ. ಕೊಯ್ಲು ಮುಗಿದಿದ್ದರೆ ನಾಳೆ ಬೆಳಿಗ್ಗೆ ಕಾಫಿ ಕುಡಿದು ಬೇಲಿ ಮೂಲೆ ಕಡೆ ಹೋಗಿ, ಬಿಸಿಲು ಏರುವ ಮೊದಲು. ನಮಸ್ಕಾರ.