ಮರ್ಯಮಳ ಮಗ ಈಸಾ

ಕೇಳುಗರಿಗೆ ನಮಸ್ಕಾರ.

ನಾನು ಬೆಳೆದದ್ದು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ಕಡೆಯ ಒಂದು ಕಾಫಿ ತೋಟದ ಲೈನ್ ಮನೆಯಲ್ಲಿ. ಗೋಡೆಗೆ ಗೋಡೆ ತಾಗಿದ್ದ ಪಕ್ಕದ ಮನೆಯವರು ಕ್ರೈಸ್ತರು. ಡಿಸೆಂಬರಿನಲ್ಲಿ ಆ ಮನೆಯ ಅಕ್ಕ ಹಳ್ಳದ ಬಂಡೆಗಳಿಂದ ಪಾಚಿ ಎಬ್ಬಿಸಿ ತಂದು, ಒಣಹುಲ್ಲು ಹಾಸಿ, ಮಣ್ಣಿನ ದನಗಳನ್ನು ಕೂರಿಸಿ, ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿ ಕಟ್ಟುತ್ತಿದ್ದಳು. ಮಗುವಿನ ಜಾಗ ಮಾತ್ರ ಹಬ್ಬದ ಮಧ್ಯರಾತ್ರಿಯವರೆಗೆ ಖಾಲಿ. ಒಂದು ವರ್ಷ ನಾನು ಅದನ್ನು ನೋಡುತ್ತಾ ನಿಂತವನು, "ಖರ್ಜೂರದ ಮರ ಎಲ್ಲಿ?" ಎಂದು ಕೇಳಿಬಿಟ್ಟೆ.

ನಾವು ಮುಸ್ಲಿಮರು. ಯೇಸುವನ್ನು ಈಸಾ ಎಂದೂ ಅವರ ತಾಯಿ ಮರಿಯಳನ್ನು ಮರ್ಯಮ್ ಎಂದೂ ಕರೆಯುತ್ತೇವೆ. ಅಮ್ಮ ಹೇಳಿದ್ದ ಆ ಹುಟ್ಟಿನ ಕಥೆಯಲ್ಲಿ ಕೊಟ್ಟಿಗೆ ಇರಲಿಲ್ಲ, ಮರ ಇತ್ತು. ಕುರ್‌ಆನಿನ 19ನೆಯ ಅಧ್ಯಾಯದ ಹೆಸರೇ ಮರ್ಯಮ್. ಇಡೀ ಕುರ್‌ಆನಿನಲ್ಲಿ ಹೆಸರು ಹಿಡಿದು ಕರೆದಿರುವ ಹೆಣ್ಣು ಆಕೆಯೊಬ್ಬಳೇ. ಗಂಡಸಿನ ಸೋಂಕಿಲ್ಲದೆ ಗರ್ಭಿಣಿಯಾದ ಆಕೆ ಊರು ಬಿಟ್ಟು ದೂರ ಹೋಗುತ್ತಾಳೆ. ಹೆರಿಗೆಯ ನೋವು ಆಕೆಯನ್ನು ಖರ್ಜೂರದ ಬುಡಕ್ಕೆ ತಂದು ನಿಲ್ಲಿಸುತ್ತದೆ. ಇದಕ್ಕೆ ಮೊದಲೇ ಸತ್ತುಹೋಗಿದ್ದರೆ ಚೆನ್ನಾಗಿತ್ತು ಎಂದು ಆಕೆ ಗೋಳಿಡುತ್ತಾಳೆ. ಆಗ ಕೆಳಗಿನಿಂದ ಧ್ವನಿಯೊಂದು ಕೇಳುತ್ತದೆ: ದುಃಖಿಸಬೇಡ, ನಿನ್ನ ಕಾಲಡಿಯಲ್ಲೇ ತೊರೆ ಹರಿದಿದೆ, ಮರದ ಕಾಂಡವನ್ನು ನಿನ್ನತ್ತ ಅಲುಗಿಸು, ಮಾಗಿದ ಹಣ್ಣು ಉದುರುತ್ತದೆ, ತಿನ್ನು, ಕುಡಿ, ಕಣ್ಣು ತಂಪು ಮಾಡಿಕೋ. ಬೇನೆ ತಿನ್ನುತ್ತಿರುವ ಹೆಂಗಸು ಮರ ಅಲುಗಿಸುವುದೆಂದರೇನು! ನನ್ನ ಅಮ್ಮ ಐದು ಹೆತ್ತವಳು. ಕಥೆ ಇಲ್ಲಿಗೆ ಬಂದಾಗಲೆಲ್ಲ ಅವಳ ಧ್ವನಿ ಸಣ್ಣದಾಗುತ್ತಿತ್ತು.

ಕೂಸನ್ನು ಎತ್ತಿಕೊಂಡು ಊರಿಗೆ ಮರಳಿದಾಗ ಜನ ಬೆರಳು ತೋರಿಸುತ್ತಾರೆ. ತಾಯಿ ಮೌನವಾಗಿ ಮಗುವಿನತ್ತ ಸನ್ನೆ ಮಾಡುತ್ತಾಳೆ. ತೊಟ್ಟಿಲ ಕೂಸು ಮಾತನಾಡುತ್ತದೆ: ನಾನು ಅಲ್ಲಾಹನ ದಾಸ, ಅವನು ನನ್ನನ್ನು ಪ್ರವಾದಿಯನ್ನಾಗಿ ಮಾಡಿದ್ದಾನೆ, ತಾಯಿಯನ್ನು ಚೆನ್ನಾಗಿ ನೋಡಿಕೊಳ್ಳುವವನನ್ನಾಗಿ ಮಾಡಿದ್ದಾನೆ.

ನಮ್ಮ ಹೆಸರಿನ ಹಿಂದೆ ಅಪ್ಪನ ಹೆಸರು ಅಂಟಿಕೊಂಡಿರುತ್ತದೆ. ಅರಬರಲ್ಲೂ ಹಾಗೆಯೇ. ಆದರೆ ಕುರ್‌ಆನ್ ಈ ಪ್ರವಾದಿಯನ್ನು ಮತ್ತೆ ಮತ್ತೆ ಕರೆಯುವುದು ಈಸಾ ಇಬ್ನ್ ಮರ್ಯಮ್, ಮರ್ಯಮಳ ಮಗ ಎಂದೇ. ನಮ್ಮ ಗೌರವವೂ ನಮ್ಮ ಭಿನ್ನಾಭಿಪ್ರಾಯವೂ ಈ ಒಂದು ಹೆಸರಿನೊಳಗಿವೆ. ಅವರು ಮಸೀಹ್ (ಅಭಿಷಿಕ್ತ), ದೇವರ ವಚನ, ದೇವರಿಂದ ಬಂದ ಆತ್ಮ. ಜೇಡಿಮಣ್ಣಿನ ಹಕ್ಕಿಗೆ ಉಸಿರೂದಿದವರು, ಕುರುಡರಿಗೆ, ಕುಷ್ಠರೋಗಿಗಳಿಗೆ ಅಲ್ಲಾಹನ ಅಪ್ಪಣೆಯಿಂದ ಗುಣ ಕೊಟ್ಟವರು, ಇಂಜೀಲ್ ಎಂಬ ದೇವಗ್ರಂಥ ಪಡೆದವರು. ಆದರೆ ದೇವರ ಮಗನಲ್ಲ. ತಂದೆಯೂ ತಾಯಿಯೂ ಇಲ್ಲದ ಮೊದಲ ಮನುಷ್ಯ ಆದಮರಂತೆ ಅವರೂ ಸೃಷ್ಟಿಯೇ. ಶಿಲುಬೆಯ ಮರಣವನ್ನೂ ನಾವು ಒಪ್ಪುವುದಿಲ್ಲ. ದೇವರು ಅವರನ್ನು ತನ್ನೆಡೆಗೆ ಎತ್ತಿಕೊಂಡನು, ಅವರು ಮತ್ತೆ ಬರುತ್ತಾರೆ ಎಂಬುದು ನಮ್ಮ ನಂಬಿಕೆ. ಕ್ರೈಸ್ತ ಗೆಳೆಯರಿಗೆ ಇದು ಸಣ್ಣ ವ್ಯತ್ಯಾಸವಲ್ಲ ಎಂದು ನನಗೆ ಗೊತ್ತು. ಮುಚ್ಚಿಟ್ಟು ಸ್ನೇಹ ಮಾಡುವುದು ನನಗೆ ಬೇಕಿಲ್ಲ.

ಇದೇ ಅಧ್ಯಾಯ ಒಮ್ಮೆ ಜೀವಗಳನ್ನು ಉಳಿಸಿದೆ. ಕ್ರಿ.ಶ. 615ರ ಸುಮಾರಿಗೆ ಮಕ್ಕಾದ ಕಿರುಕುಳ ತಾಳಲಾರದೆ ಕೆಲವು ಮುಸ್ಲಿಮರು ಕಡಲು ದಾಟಿ ಅಬಿಸೀನಿಯಕ್ಕೆ, ಅಂದರೆ ಇಂದಿನ ಇಥಿಯೋಪಿಯದ ಕಡೆಗೆ, ಹೋದರು. ಹಿಡಿದು ತರಲು ಮಕ್ಕಾದವರು ಬೆನ್ನಟ್ಟಿ ಬಂದರು. ಅಲ್ಲಿಯ ಕ್ರೈಸ್ತ ದೊರೆ ನಜ್ಜಾಶಿಯ ಮುಂದೆ, ಪ್ರವಾದಿ ಮುಹಮ್ಮದರ ದೊಡ್ಡಪ್ಪನ ಮಗ ಜಾಫರ್ ಮರ್ಯಮ್ ಅಧ್ಯಾಯ ಓದಿದರು. ದೊರೆಯ ಗಡ್ಡ ಕಣ್ಣೀರಿನಿಂದ ತೊಯ್ದಿತು ಎನ್ನುತ್ತವೆ ಹಳೆಯ ಚರಿತ್ರೆಗಳು. ಅವನು ಅವರನ್ನು ಒಪ್ಪಿಸಲಿಲ್ಲ.

ಅಂದು ನನ್ನ ಪ್ರಶ್ನೆಗೆ ಪಕ್ಕದ ಮನೆಯ ಅಕ್ಕ ತಬ್ಬಿಬ್ಬಾದಳು. ಅಮ್ಮನನ್ನು ಕರೆದು ವಿಚಾರಿಸಿದಳು. ಇಬ್ಬರೂ ಹೊಸಿಲ ಮೇಲೆ ಕುಳಿತು ಬಹಳ ಹೊತ್ತು ಮಾತನಾಡಿದರು. ಒಲೆಯ ಮೇಲಿನ ಗಂಜಿ ತಳ ಹಿಡಿಯಿತು. ಖರ್ಜೂರ ಹೇಗಿರುತ್ತದೆ ಎಂದು ಅಕ್ಕ ಕೇಳಿದಾಗ ಅಮ್ಮ, "ನಮ್ಮ ಈಚಲು ಇಲ್ಲವೇ, ಹಾಗೇ" ಎಂದಳು.

ಮಾರನೆಯ ದಿನ ಗೋದಲಿಯ ಪಾಚಿಯ ಅಂಚಿನಲ್ಲಿ, ದನಗಳ ಪಕ್ಕದಲ್ಲಿ, ಒಂದು ಈಚಲ ಗರಿ ನೆಟ್ಟಗೆ ನಿಂತಿತ್ತು.