ತಲಕಾವೇರಿಯಿಂದ ನಡಿಗೆ, ದಿನ 1: ಹೊಳೆ ಎಲ್ಲಿ?

ನಮಸ್ಕಾರ. ಈ ವಿಡಿಯೋದ ಮಾತನ್ನು ರಾತ್ರಿ ಕಂಬಳಿ ಹೊದ್ದುಕೊಂಡು ರೆಕಾರ್ಡ್ ಮಾಡುತ್ತಿದ್ದೇನೆ. ಹಿಂದೆ ಜೀರುಂಡೆ ಕಿರುಚಿದರೆ ಸಹಿಸಿಕೊಳ್ಳಿ.

ಈಗ ಕಾಣುತ್ತಿರುವ ಮಂಜು ತಲಕಾವೇರಿಯದ್ದು. ಬೆಳಿಗ್ಗೆ ಆರೂವರೆ. ಇಲ್ಲಿಂದ ಮೂರು ರಂಗನಾಥರನ್ನು ನಡೆದೇ ನೋಡಬೇಕು ಅಂತ ಹೊರಟಿದ್ದೇನೆ. ಶ್ರೀರಂಗಪಟ್ಟಣದ ಆದಿರಂಗ, ಶಿವನಸಮುದ್ರದ ಮಧ್ಯರಂಗ, ಕೊನೆಗೆ ತಮಿಳುನಾಡಿನ ಶ್ರೀರಂಗ. ಮೂವರೂ ಕಾವೇರಿಯ ನಡುಗಡ್ಡೆಯಲ್ಲೇ ಮಲಗಿದ್ದಾರೆ. ಹರಕೆ ಹೊತ್ತಿದ್ದು ಅಜ್ಜಿ. ಅವರಿಗೆ ಈಗ ಮಂಡಿ ನೋವು. ಹಾಗಾಗಿ ಹರಕೆ ಅವರದ್ದು, ಕಾಲು ನನ್ನದು.

ಕಾವೇರಿ ಹುಟ್ಟುವ ಪುಟ್ಟ ಕುಂಡ, ಅಂದರೆ ಕುಂಡಿಕೆಯ ಹತ್ತಿರ ಕ್ಯಾಮೆರಾ ತೆಗೆಯಲಿಲ್ಲ, ಆದ್ದರಿಂದ ಮಾತಲ್ಲೇ ಹೇಳುತ್ತೇನೆ. ಕೈ ಚಾಚಿದರೆ ಆಚೆ ಅಂಚು ಸಿಗುವಷ್ಟು ಚಿಕ್ಕದು. ಸುಮಾರು 800 ಕಿಲೋಮೀಟರ್ ಹರಿದು ಪೂಂಪುಹಾರ್ ಹತ್ತಿರ ಸಮುದ್ರ ಸೇರುವ ಹೊಳೆ ಇಷ್ಟೇ ಜಾಗದಲ್ಲಿ ಹುಟ್ಟುತ್ತದೆ. ಅಕ್ಟೋಬರ್ ನಡುವಿನ ತುಲಾ ಸಂಕ್ರಮಣಕ್ಕೆ, ಕುಂಡಿಕೆಯಲ್ಲಿ ತೀರ್ಥ ಉಕ್ಕುವ ತೀರ್ಥೋದ್ಭವದ ಹೊತ್ತಿಗೆ, ಇಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನಾನು ಬಂದಾಗ ತುಲಾ ತಿಂಗಳು ಮುಗಿದಿತ್ತು. ಅರ್ಚಕರು ಅಂಗೈಗೆ ತೀರ್ಥ ಹಾಕಿದರು. ಹಲ್ಲು ಜುಮ್ ಅನ್ನುವಷ್ಟು ತಣ್ಣಗಿತ್ತು. ಅಜ್ಜಿ ಕೊಟ್ಟಿದ್ದ ತಾಮ್ರದ ಗಿಂಡಿಯಲ್ಲೂ ಸ್ವಲ್ಪ ತುಂಬಿಸಿಕೊಂಡೆ. ಕೊಡಗಿನ ಮನೆಗಳಲ್ಲಿ ಈ ತೀರ್ಥವನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ, ಕೊನೆಯುಸಿರಿನವರ ಬಾಯಿಗೆ ಬಿಡುತ್ತಾರೆ. ಗಿಂಡಿ ಬ್ಯಾಗಿನಲ್ಲಿ ಅಲುಗಾಡಿದಾಗೆಲ್ಲ ನನಗೆ ಅದೇ ನೆನಪಾಗುತ್ತಿತ್ತು.

ಸರಿ, ಇನ್ನು ಹೊಳೆಯ ದಡದಲ್ಲೇ ನಡೆಯೋಣ ಅಂದರೆ, ಹೊಳೆ ಎಲ್ಲಿ? ಕುಂಡಿಕೆಯ ನೀರು ಎದುರಿನ ಕೊಳಕ್ಕೆ ಬರುತ್ತದೆ, ಅಲ್ಲಿಂದ ನೆಲದೊಳಗೆ ಇಳಿದುಬಿಡುತ್ತದೆ ಅನ್ನುತ್ತಾರೆ. ಕಾವೇರಿಯ ಜೊತೆ ನಡೆಯುತ್ತೇನೆ ಅಂತ ಊರೆಲ್ಲ ಹೇಳಿ ಬಂದವಳಿಗೆ ಸಿಕ್ಕಿದ್ದು ಟಾರು ರಸ್ತೆ!

ಬೆಟ್ಟದ ಪಕ್ಕದಲ್ಲಿ ಮಣ್ಣು ಜಾರಿದ ಗುರುತು ನೋಡಿ. 2020ರ ಆಗಸ್ಟ್‌ನಲ್ಲಿ ಗಜಗಿರಿ ಬೆಟ್ಟ ಕುಸಿದು ಅರ್ಚಕರ ಮನೆಯೇ ಕೊಚ್ಚಿಹೋಯಿತು. ಐದು ಜನ ಹೋದರು. ಇಲ್ಲಿ ಮಾತು ಬೇಡ, ಸುಮ್ನೆ ಸ್ವಲ್ಪ ದೂರ ನಡೆದೆ.

ಭಾಗಮಂಡಲಕ್ಕೆ 8 ಕಿಲೋಮೀಟರ್, ಪೂರ್ತಿ ಇಳಿಜಾರು. ಇಳಿಜಾರು ಸುಲಭ ಅಂದುಕೊಂಡಿದ್ದೇ ತಪ್ಪು. ಪ್ರತಿ ಹೆಜ್ಜೆಗೂ ಕಾಲು ಶೂ ಒಳಗೆ ಮುಂದಕ್ಕೆ ಜಾರಿ, ಹೆಬ್ಬೆರಳ ಉಗುರು ತುದಿಗೆ ಬಡಿಯುತ್ತದೆ. ಇಳಿಯುವ ಮೊದಲೇ ಲೇಸನ್ನು ಕಣಕಾಲಿನ ಹತ್ತಿರ ಬಿಗಿಯಾಗಿ ಕಟ್ಟಬೇಕು. ಗೊತ್ತಾಗಿದ್ದು ಕೆಳಗೆ ತಲುಪಿದ ಮೇಲೆ. ಬ್ಯಾಗ್ 11 ಕೆಜಿ. ಅದರಲ್ಲಿ ಒಂದು ಕೆಜಿ ಅಮ್ಮನ ಚಕ್ಕುಲಿ.

ಭಾಗಮಂಡಲದಲ್ಲಿ ಅಂತೂ ಹೊಳೆ ಸಿಕ್ಕಿತು. ಕಾವೇರಿ, ಕನ್ನಿಕೆ, ಸುಜ್ಯೋತಿ ಸೇರುವ ತ್ರಿವೇಣಿ ಸಂಗಮ. ಅದರಲ್ಲೂ ಸುಜ್ಯೋತಿ ಗುಪ್ತಗಾಮಿನಿ, ಕಣ್ಣಿಗೆ ಬೀಳುವವಳಲ್ಲ. ಇಲ್ಲಿ ಮಿಂದು ಆಮೇಲೆ ತಲಕಾವೇರಿಗೆ ಹೋಗುವುದು ಪದ್ಧತಿ, ನಾನು ನಿನ್ನೆ ಸಂಜೆಯೇ ಮುಳುಗು ಹಾಕಿದ್ದೆ. ಈಗ ನೋಡಿದರೆ ಎಷ್ಟು ಸಾಧು ಅಲ್ವಾ? ಮಳೆಗಾಲದಲ್ಲಿ ಇದೇ ನೀರು ರಸ್ತೆಗೆ ಏರಿ ಊರನ್ನೇ ನಡುಗಡ್ಡೆ ಮಾಡಿದ್ದುಂಟು. ಭಗಂಡೇಶ್ವರನಿಗೆ ಕೈಮುಗಿದು, ಪಕ್ಕದ ಅಂಗಡಿಯಲ್ಲಿ ಪುಟ್ಟು, ಕಡಲೆ ಸಾರು, ಬೆಲ್ಲದ ಕಾಫಿ. ಹಾಲಿಲ್ಲದ ಈ ಕಾಫಿ ಮೊದಲ ಗುಟುಕಿಗೆ ಒಗ್ಗುವುದಿಲ್ಲ. ಎರಡನೇ ಲೋಟ ನಾನೇ ಕೇಳಿದೆ.

ಹಾದಿಯಲ್ಲಿ ಸಿಕ್ಕವರೆಲ್ಲ ಕೇಳಿದ್ದು ಒಂದೇ. "ಒಬ್ಬಳೇನಾ?" ಜೀಪಿನವರು, ಕಾಫಿ ಅಂಗಡಿಯವರು, ಮೆಣಸಿನ ಬಳ್ಳಿಗೆ ಏಣಿ ಇಟ್ಟವರು. ಏಳರವರೆಗೆ ಲೆಕ್ಕ ಇಟ್ಟೆ.

ನಾಪೋಕ್ಲು ಮುಟ್ಟುವ ಯೋಚನೆ ಇತ್ತು. ಉಗುರು ಒಪ್ಪಲಿಲ್ಲ. ಅಯ್ಯಂಗೇರಿ ಕಡೆ ಗೆಳತಿಯ ನೆಂಟರ ಮನೆ ಇದೆ, ಅಲ್ಲೇ ನಿಂತೆ. ಗದ್ದೆ ದಾಟಿದರೆ ಹೊಳೆ. ದಡದಲ್ಲಿ ಶೂ ಬಿಚ್ಚಿ ಕೂತೆ, ಕಾಲು ಇಳಿಸಲು ಮನಸ್ಸು ಬರಲಿಲ್ಲ. ಬೆಳಿಗ್ಗೆ ಕಣ್ಣಿಗೊತ್ತಿಕೊಂಡು ಕುಡಿದ ನೀರು ಅಲ್ವಾ ಇದು?

ಆ ಮನೆಯ ಅಜ್ಜಿ ಹಿಂದೆ ನಿಂತು ನೋಡುತ್ತಿದ್ದರು. "ನಮ್ಮ ದನ ದಿನಾ ಇದೇ ನೀರಲ್ಲಿ ನಿಲ್ತವೆ. ನಿನ್ನ ಕಾಲು ಎಂಥ ಮಹಾ? ಇಳಿಸು ಮಗಾ."

ಇಳಿಸಿದೆ. ಮೊದಲು ಉಗುರು ಉರಿಯಿತು, ಆಮೇಲೆ ಮರಗಟ್ಟಿತು.

"ಒಬ್ಬಳೇ ಬಂದದ್ದಾ?" ಅಂತ ಅಜ್ಜಿಯೂ ಕೇಳಿದರು. ಎಂಟನೆಯವರು. ಹೌದು ಅಂದೆ, ಬುದ್ಧಿವಾದಕ್ಕೆ ಕಿವಿ ಗಟ್ಟಿ ಮಾಡಿಕೊಂಡೆ.

"ಹಾಗಾದರೆ ಅಕ್ಕಿರೊಟ್ಟಿ ಎರಡು ಸಾಕಾ?"

ಮೂರು ಅಂದೆ.