ತುಟಿಯ ಗುಳ್ಳೆ: ಚುರುಗುಟ್ಟಿದ ಹೊತ್ತಿನಿಂದಲೇ ಎಚ್ಚರ

ಕೇಳುಗರಿಗೆಲ್ಲ ನಮಸ್ಕಾರ.

ಜ್ವರ ಬಂದು ಬಿಟ್ಟ ಎರಡು ದಿನಕ್ಕೆ ತುಟಿಯ ಅಂಚಿನಲ್ಲಿ ನೀರುಗುಳ್ಳೆಗಳು ಏಳುತ್ತವೆ. ಒಂದೇ ಒಂದಲ್ಲ, ನಾಲ್ಕೈದು ಒಟ್ಟಿಗೆ, ಒಂದಕ್ಕೊಂದು ಅಂಟಿಕೊಂಡ ಹಾಗೆ. ಉರಿ ಇರುತ್ತದೆ. ಆಮೇಲೆ ಅವು ಒಡೆದು, ರಸ ಸೋರಿ, ಹಳದಿ ಹಕ್ಕಳೆ ಕಟ್ಟುತ್ತದೆ. ಮನೆಯಲ್ಲಿ ಒಬ್ಬರು ಉಷ್ಣ ಆಗಿದೆ, ಎಳನೀರು ಕುಡಿ ಅನ್ನುತ್ತಾರೆ. ಇನ್ನೊಬ್ಬರು ರಾತ್ರಿ ಹಲ್ಲಿ ಏನೋ ಮಾಡಿರಬೇಕು ಅನ್ನುತ್ತಾರೆ. ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಬಿ ಕಾಂಪ್ಲೆಕ್ಸ್ ಮಾತ್ರೆ ಕೊಡುತ್ತಾರೆ. ಹತ್ತು ದಿನಕ್ಕೆ ಅದು ತಾನಾಗಿ ಮಾಯುತ್ತದೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ಕಾಯಿಲೆ ಅನ್ನುವ ಮಾತು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಅದನ್ನೇ.

ಇದಕ್ಕೆ ಕಾರಣ ಹರ್ಪಿಸ್ ಸಿಂಪ್ಲೆಕ್ಸ್ ಅನ್ನುವ ವೈರಸ್. ಅದರಲ್ಲಿ ಎರಡು ಬಗೆ. ತುಟಿಗೆ ಬರುವುದು ಹೆಚ್ಚಾಗಿ ಮೊದಲನೇ ಬಗೆ. ಸರ್ಪಸುತ್ತಿನ ವೈರಸ್ಸೇ ಬೇರೆ, ಅದನ್ನೂ ಇದನ್ನೂ ಒಂದು ಮಾಡಿಕೊಳ್ಳಬೇಡಿ. ಬಾಯಿಯ ಒಳಗೆ, ಕೆನ್ನೆಯ ಮಗ್ಗುಲಲ್ಲಿ ಬಿಳಿಯಾಗಿ ಆಗುವ ಬಾಯಿಹುಣ್ಣು ಕೂಡ ಬೇರೆ, ಅದು ಅಂಟುವುದಿಲ್ಲ. ತುಟಿಯ ಎರಡೂ ಮೂಲೆ ಒಡೆದು ಬಾಯಿ ತೆರೆಯಲು ನೋವಾದರೆ ಅದರ ಕಾರಣವೂ ಸಾಮಾನ್ಯವಾಗಿ ಬೇರೆ. ಬಿ ಜೀವಸತ್ವದ ಕೊರತೆಯಿಂದ ಹಾಗೆ ಆಗುವುದುಂಟು. ಬಿ ಕಾಂಪ್ಲೆಕ್ಸ್ ಮಾತ್ರೆ ಅಲ್ಲಿ ಉಪಯೋಗಕ್ಕೆ ಬರಬಹುದು, ಈ ಗುಳ್ಳೆಗೆ ಬರುವುದಿಲ್ಲ.

ಹರ್ಪಿಸ್ ಅಂದ ಕೂಡಲೇ ಕೆಲವರ ಮುಖ ಬಾಡುತ್ತದೆ. ಏನೋ ಮಾಡಬಾರದ್ದು ಮಾಡಿದವರಿಗೆ ಬರುವ ಕಾಯಿಲೆ ಅಂತ ಅವರು ತಿಳಿದಿರುತ್ತಾರೆ. ದಯವಿಟ್ಟು ಹಾಗೆ ತಿಳಿಯಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಜಗತ್ತಿನ 50 ವರ್ಷದೊಳಗಿನವರಲ್ಲಿ ನೂರಕ್ಕೆ 64 ಮಂದಿಯ ಮೈಯಲ್ಲಿ ಈ ಮೊದಲನೇ ಬಗೆಯ ವೈರಸ್ ಇದೆ. ಅಂದರೆ ಸುಮಾರು 380 ಕೋಟಿ ಜನ. ಅವರಲ್ಲಿ ಬಹಳ ಮಂದಿಗೆ ಇದು ಬಂದದ್ದು ಚಿಕ್ಕ ವಯಸ್ಸಿನಲ್ಲಿ, ಮನೆಯವರೇ ಯಾರೋ ಮುದ್ದು ಮಾಡಿದಾಗ. ಕೊಟ್ಟವರಿಗೂ ಗೊತ್ತಿಲ್ಲ, ತಗೊಂಡವರಿಗೂ ಗೊತ್ತಿಲ್ಲ. ಇದರಲ್ಲಿ ನಾಚಿಕೆಪಡುವುದಕ್ಕೆ ಏನೂ ಇಲ್ಲ.

ಮೊದಲ ಸಲ ವೈರಸ್ ಮೈಗೆ ಸೇರಿದಾಗ ಹೆಚ್ಚಿನ ಮಕ್ಕಳಿಗೆ ಏನೂ ಆಗುವುದಿಲ್ಲ. ಕೆಲವು ಮಕ್ಕಳಿಗೆ ಮಾತ್ರ ಜೋರು ಜ್ವರ ಬಂದು, ವಸಡು ಊದಿ ಕೆಂಪಾಗಿ, ಬಾಯಿ ತುಂಬ ಹುಣ್ಣಾಗುತ್ತದೆ. ಮಗು ಊಟ ಬೇಡ ಅನ್ನುತ್ತದೆ, ನೀರು ಕೂಡ ಬೇಡ ಅನ್ನುತ್ತದೆ, ಸುಮ್ನೆ ಜೊಲ್ಲು ಸುರಿಸುತ್ತಾ ಕೂತಿರುತ್ತದೆ. ಹಲ್ಲು ಬರುತ್ತಿರಬೇಕು ಅಂತ ಸುಮ್ಮನಿರಬೇಡಿ. ಮೈಯಲ್ಲಿ ನೀರು ಕಡಿಮೆಯಾಗದ ಹಾಗೆ ಚಮಚದಲ್ಲಿ ಸ್ವಲ್ಪ ಸ್ವಲ್ಪವಾಗಿ ಕುಡಿಸುತ್ತಾ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಈ ಹೊತ್ತಿನಲ್ಲಿ ಮಗುವಿನ ಜೊಲ್ಲಿನಲ್ಲಿ ವೈರಸ್ ತುಂಬ ಇರುತ್ತದೆ. ಅಕ್ಕಪಕ್ಕದ ಮಕ್ಕಳ ಜೊತೆ ಆಟದ ಸಾಮಾನು ಬಾಯಿಂದ ಬಾಯಿಗೆ ಹೋಗದ ಹಾಗೆ ನೋಡಿಕೊಳ್ಳಿ.

ಹುಣ್ಣು ವಾಸಿಯಾಗುತ್ತದೆ. ಆದರೆ ವೈರಸ್ ಹೋಗುವುದಿಲ್ಲ. ಅದು ಮುಖದ ನರದ ದಾರಿ ಹಿಡಿದು ಹಿಂದಕ್ಕೆ ಹೋಗುತ್ತದೆ, ಆ ನರದ ಬುಡದಲ್ಲಿರುವ ಗಂಟಿನಲ್ಲಿ ತಂಗುತ್ತದೆ. ಬೇಸಿಗೆಯಲ್ಲಿ ಮಣ್ಣಿನೊಳಗೆ ಅಡಗಿದ ಕಪ್ಪೆ ಮಳೆ ಬಿದ್ದಾಗ ಹೊರಗೆ ಬರುತ್ತದಲ್ಲ, ಹಾಗೆ ಮೈಯ ಸ್ಥಿತಿ ಬದಲಾದಾಗ ಇದೂ ಎದ್ದು ಬರುತ್ತದೆ. ಬಂದ ದಾರಿಯಲ್ಲೇ ವಾಪಸ್ಸು ತುಟಿಗೆ. ಅದಕ್ಕೇ ಪ್ರತಿ ಸಲ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಗುಳ್ಳೆ ಏಳುತ್ತದೆ. ಎಬ್ಬಿಸುವ ಕಾರಣಗಳು ಹಲವು. ಜ್ವರ, ಸುಡುಬಿಸಿಲು, ನಿದ್ದೆಗೆಟ್ಟ ದಣಿವು, ಮನಸ್ಸಿನ ಒತ್ತಡ, ಕೆಲವು ಹೆಣ್ಣುಮಕ್ಕಳಿಗೆ ಮುಟ್ಟಿನ ದಿನಗಳು, ಹಲ್ಲಿನ ಚಿಕಿತ್ಸೆಯಲ್ಲಿ ತುಟಿಗೆ ಆದ ಗಾಯ. ಉಷ್ಣ ಅಂತ ಹಿರಿಯರು ಹೇಳುವ ಮಾತಿನಲ್ಲಿ ಬಿಸಿಲಿನ ಮಟ್ಟಿಗೆ ನಿಜ ಇದೆ. ಬಿಸಿಲಿಗೆ ಗುಳ್ಳೆ ಏಳುವವರು ತಲೆಗೆ ಅಗಲ ಅಂಚಿನ ಟೋಪಿ ಹಾಕಿಕೊಂಡರೆ, ಬಿಸಿಲು ತಡೆಯುವ ಲಿಪ್ ಬಾಮ್ ಹಚ್ಚಿಕೊಂಡರೆ ಒಳ್ಳೆಯದು.

ಈಗ ಹರಡುವ ವಿಚಾರ. ಮುಖ್ಯವಾದ ದಾರಿ ಒಂದೇ: ನೇರ ಸ್ಪರ್ಶ. ಗುಳ್ಳೆ ಅಥವಾ ಅದರ ರಸ ಅಥವಾ ಆ ಬಾಯಿಯ ಜೊಲ್ಲು ಇನ್ನೊಬ್ಬರ ತುಟಿಗೋ ಬಾಯಿಗೋ ಕಣ್ಣಿಗೋ ಗಾಯವಾದ ಚರ್ಮಕ್ಕೋ ತಾಗಬೇಕು. ಎಲ್ಲಕ್ಕಿಂತ ಜಾಸ್ತಿ ಹರಡುವುದು ಗುಳ್ಳೆ ಒಡೆದು ರಸ ಸೋರುವಾಗ. ಆದರೆ ಹರಡುವುದು ಶುರುವಾಗುವುದು ಅದಕ್ಕೂ ಮೊದಲೇ. ಈ ಗುಳ್ಳೆ ಪದೇ ಪದೇ ಬರುವವರಿಗೆ ನಾನು ಹೇಳುವುದು ಚೆನ್ನಾಗಿ ಅರ್ಥವಾಗುತ್ತದೆ. ಗುಳ್ಳೆ ಕಾಣುವ ಕೆಲವು ಗಂಟೆ ಮುಂಚೆ, ಕೆಲವರಿಗೆ ಒಂದು ದಿನ ಮುಂಚೆ, ತುಟಿಯ ಆ ಜಾಗ ಚುರುಗುಟ್ಟುತ್ತದೆ. ತುರಿಕೆ, ಬಿಗಿತ, ಜುಮ್ಮೆನ್ನುವುದು. ಕನ್ನಡಿಯಲ್ಲಿ ಏನೂ ಕಾಣುವುದಿಲ್ಲ. ನಮಗೊಬ್ಬರಿಗೇ ಗೊತ್ತಾಗುತ್ತದೆ. ಎಚ್ಚರಿಕೆ ಶುರುವಾಗಬೇಕಾದ್ದು ಆ ಹೊತ್ತಿನಿಂದ. ಹಕ್ಕಳೆ ಉದುರಿ, ಕೆಳಗೆ ಹೊಸ ಚರ್ಮ ಪೂರ್ತಿ ಬರುವವರೆಗೆ ಅದು ಮುಂದುವರಿಯಬೇಕು. ಸುಮಾರು ಹತ್ತು ದಿನ, ಕೆಲವರಿಗೆ ಎರಡು ವಾರ. ಅಷ್ಟು ದಿನ ಯಾರಿಗೂ ಮುತ್ತು ಕೊಡಬೇಡಿ. ಗಂಡ ಹೆಂಡತಿ ಬಾಯಿಂದ ಜನನಾಂಗವನ್ನು ಮುಟ್ಟುವುದೂ ಬೇಡ. ತುಟಿಯ ವೈರಸ್ ಅಲ್ಲಿಗೂ ಅಂಟುತ್ತದೆ. ರೇಡಿಯೋದಲ್ಲಿ ಇದನ್ನು ಹೇಳಬೇಕಾ ಅಂತ ಅನ್ನಿಸಬಹುದು. ಹೇಳದೆ ಹೋದರೆ ಗೊತ್ತಾಗುವುದು ಹೇಗೆ, ಅಲ್ವಾ?

ಗುಳ್ಳೆ ಇಲ್ಲದ ದಿನಗಳಲ್ಲೂ ಆಗೊಮ್ಮೆ ಈಗೊಮ್ಮೆ ಜೊಲ್ಲಿನಲ್ಲಿ ಸ್ವಲ್ಪ ವೈರಸ್ ಇರುತ್ತದೆ. ಅದನ್ನು ಪೂರ್ತಿ ತಡೆಯಲು ಆಗುವುದಿಲ್ಲ. ಅದಕ್ಕೆ ಹೆದರಿ ಜೀವನವಿಡೀ ಮಕ್ಕಳನ್ನು ಮುದ್ದು ಮಾಡದೆ ಇರಬೇಕಾಗಿಯೂ ಇಲ್ಲ. ಅಪಾಯ ಜಾಸ್ತಿ ಇರುವ ಹತ್ತು ಹದಿನಾಲ್ಕು ದಿನ ಸಂಭಾಳಿಸಿದರೆ ಎಷ್ಟೋ ಜನರನ್ನು ಕಾಪಾಡಿದ ಹಾಗೆ.

ಪಾತ್ರೆ ಬಟ್ಟೆಗಳ ಮೂಲಕ ಹರಡುವುದು ಕಡಿಮೆ. ಮೈಯಿಂದ ಹೊರಗೆ ಈ ವೈರಸ್ ಹೆಚ್ಚು ಹೊತ್ತು ಉಳಿಯುವುದಿಲ್ಲ. ಆದರೂ ತುಟಿಗೆ ತಾಗಿದ್ದು ಕೂಡಲೇ ಇನ್ನೊಬ್ಬರ ತುಟಿಗೆ ಹೋದರೆ ಅಂಟಬಹುದು. ನಮ್ಮಲ್ಲಿ ಚೊಂಬನ್ನು ಮೇಲೆತ್ತಿ, ತುಟಿಗೆ ತಾಗಿಸದೆ ನೀರು ಕುಡಿಯುವ ರೂಢಿ ಇದೆ. ಬಹಳ ಒಳ್ಳೆಯ ರೂಢಿ ಅದು. ಎಂಜಲು ಬೇಡ ಅಂತ ಅಜ್ಜಿಯರು ಗದರಿಸುತ್ತಿದ್ದುದು ಈ ಕಾಯಿಲೆಗೆ ಸರಿಯಾಗಿ ಹೊಂದುತ್ತದೆ. ಈಗ ನೀರಿನ ಬಾಟಲಿ ಬಾಯಿಗಿಟ್ಟೇ ಕುಡಿದು ಪಕ್ಕದವರಿಗೆ ಕೊಡುತ್ತೇವೆ. ಗುಳ್ಳೆ ಇರುವಾಗ ನಿಮ್ಮ ಲೋಟ, ಚಮಚ, ಟವೆಲ್ ಬೇರೆ ಇಟ್ಟುಕೊಳ್ಳಿ. ಸೋಪು ಹಾಕಿ ತೊಳೆದರೆ ಸಾಕು, ಬಿಸಾಡಬೇಕಾಗಿಲ್ಲ. ಒಂದೇ ಬೀಡಿ, ಒಂದೇ ಸಿಗರೇಟು ಇಬ್ಬರು ಸೇದುವುದಂತೂ ಬೇಡವೇ ಬೇಡ.

ಶಾಲೆಯ ವಾರ್ಷಿಕೋತ್ಸವದ ದಿನ ವೇದಿಕೆಯ ಹಿಂದಿನ ಕೋಣೆಯನ್ನು ನೋಡಿದ್ದೀರಾ? ಜಾನಪದ ನೃತ್ಯದ ಹುಡುಗಿಯರು ಸಾಲಾಗಿ ನಿಂತಿರುತ್ತಾರೆ. ಟೀಚರ್ ಕೈಯಲ್ಲಿ ಒಂದು ಕೆಂಪು ಲಿಪ್‌ಸ್ಟಿಕ್. ಒಬ್ಬಳ ಗಲ್ಲ ಹಿಡಿದು ಹಚ್ಚಿ, ಮುಂದೆ ಬಾ ಅಂತ ಮುಂದಿನವಳಿಗೆ ಹಚ್ಚುತ್ತಾರೆ. ಸಾಲು ಮುಗಿಯುವವರೆಗೆ ಅದೇ ಕಡ್ಡಿ. ನಡುವೆ ಒಬ್ಬಳ ತುಟಿಯಲ್ಲಿ ಗುಳ್ಳೆ ಇದ್ದರೆ, ಅದು ಕಾಣದ ಹಾಗೆ ಇನ್ನೂ ದಪ್ಪಗೆ ಬಳಿಯುತ್ತಾರೆ. ಟೀಚರ್‌ಗೆ ಮಕ್ಕಳ ಮೇಲೆ ಅಕ್ಕರೆ ಇಲ್ಲ ಅಂತಲ್ಲ, ಗೊತ್ತಿರುವುದಿಲ್ಲ ಅಷ್ಟೇ. ಇದಕ್ಕೆ ಪರಿಹಾರ ಸುಲಭ. ಲಿಪ್‌ಸ್ಟಿಕ್ಕನ್ನು ಸ್ವಲ್ಪ ಕೆರೆದು ತಟ್ಟೆಗೆ ಹಾಕಿಕೊಳ್ಳಿ. ಪ್ರತಿ ಮಗುವಿಗೂ ಹೊಸ ಹತ್ತಿಕಡ್ಡಿಯಲ್ಲಿ ಹಚ್ಚಿ. ಒಮ್ಮೆ ತುಟಿಗೆ ತಾಗಿದ ಕಡ್ಡಿ ಮತ್ತೆ ತಟ್ಟೆಗೆ ಹೋಗಬಾರದು. ಗುಳ್ಳೆ ಇರುವ ಮಗುವಿಗೆ ಹಚ್ಚುವುದೇ ಬೇಡ. ಮದುಮಗಳಿಗೆ ಅಲಂಕಾರ ಮಾಡುವವರಿಗೂ ಇದೇ ಮಾತು ಹೇಳುತ್ತೇನೆ.

ಕುಸ್ತಿ ಮಾಡುವವರೂ ಸ್ವಲ್ಪ ಕೇಳಿ. ಮೈಗೆ ಮೈ ಉಜ್ಜುವ ಆಟದಲ್ಲಿ ಈ ವೈರಸ್ ಕೆನ್ನೆ, ಕತ್ತು, ತೋಳಿಗೂ ಅಂಟುತ್ತದೆ. 1989ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಹೈಸ್ಕೂಲು ಹುಡುಗರ ಕುಸ್ತಿ ಶಿಬಿರ ನಡೆದಿತ್ತು. ಅಲ್ಲಿ 175 ಹುಡುಗರಲ್ಲಿ 60 ಮಂದಿಗೆ ಈ ಸೋಂಕು ಕಂಡಿತು. ನಮ್ಮ ಗರಡಿಮನೆಗಳಲ್ಲೂ ಹಿಡಿತ, ಪಟ್ಟು ಎಲ್ಲ ಅದೇ ರೀತಿ ಮೈ ತಾಗಿಸಿಯೇ ತಾನೇ. ತುಟಿಯಲ್ಲೋ ಮೈಯಲ್ಲೋ ನೀರುಗುಳ್ಳೆ ಇದ್ದವರು ಅದು ಒಣಗುವವರೆಗೆ ಅಖಾಡಕ್ಕೆ ಇಳಿಯಬಾರದು. ಉಸ್ತಾದರು ಇದನ್ನು ಕಟ್ಟುನಿಟ್ಟು ಮಾಡಬೇಕು.

ಇನ್ನೊಬ್ಬರಿಗೆ ಮಾತ್ರವಲ್ಲ, ನಮ್ಮ ಮೈಯ ಬೇರೆ ಕಡೆಗೂ ಇದು ಹೋಗುತ್ತದೆ. ಬೆರಳಿಗೆ ಗಾಯ ಇದ್ದರೆ ಅಲ್ಲಿ ನೋವಿನ ಗುಳ್ಳೆ ಏಳುತ್ತದೆ. ಬೆರಳು ಚೀಪುವ ಮಕ್ಕಳಲ್ಲಿ ಇದನ್ನು ಕಾಣುತ್ತೇವೆ. ಮಗುವಿನ ಉಗುರನ್ನು ಹಲ್ಲಿನಲ್ಲಿ ಕಚ್ಚಿ ತೆಗೆಯುವ ತಾಯಂದಿರಿದ್ದಾರೆ. ಗುಳ್ಳೆ ಇರುವಾಗ ಖಂಡಿತ ಹಾಗೆ ಮಾಡಬೇಡಿ. ಕಣ್ಣಿನ ಮಾತು ಇನ್ನೂ ಗಂಭೀರ. ಗುಳ್ಳೆ ಮುಟ್ಟಿದ ಕೈಯಲ್ಲಿ ಕಣ್ಣು ಉಜ್ಜಿದರೆ, ಕಾಂಟ್ಯಾಕ್ಟ್ ಲೆನ್ಸನ್ನು ಎಂಜಲಿನಲ್ಲಿ ಒದ್ದೆ ಮಾಡಿ ಹಾಕಿಕೊಂಡರೆ ಕಣ್ಣಿಗೆ ಸೋಂಕು ತಗುಲಬಹುದು. ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪದರಕ್ಕೆ ಕಲೆ ಬಿದ್ದು ದೃಷ್ಟಿ ಮಂಜಾಗಬಹುದು. ತುಟಿಯಲ್ಲಿ ಗುಳ್ಳೆ ಇದ್ದಾಗ ಕಣ್ಣು ಕೆಂಪಾಗಿ, ನೋವಾಗಿ, ಬೆಳಕು ನೋಡಲು ಆಗದಿದ್ದರೆ ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಅಂಗಡಿಯಲ್ಲಿ ಕೇಳಿ ತಂದ ಡ್ರಾಪ್ಸ್ ಹಾಕಬೇಡಿ. ಎಷ್ಟೋ ಡ್ರಾಪ್ಸ್‌ಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಆ ಹೊತ್ತಿಗೆ ಕೆಂಪು ಇಳಿದ ಹಾಗೆ ಕಂಡರೂ ಒಳಗೆ ವೈರಸ್ ಬೆಳೆಯಲು ಅದು ಸಹಾಯ ಮಾಡುತ್ತದೆ. ತುಟಿಗೆ ಹಚ್ಚಲು ಮನೆಯಲ್ಲಿರುವ ಯಾವುದೋ ಚರ್ಮದ ಕ್ರೀಮ್ ಬಳಸುವುದರಲ್ಲೂ ಇದೇ ತೊಂದರೆ. ಸುಣ್ಣ, ಟೂತ್‌ಪೇಸ್ಟ್ ಕೂಡ ಬೇಡ. ಅವು ಚರ್ಮವನ್ನು ಇನ್ನಷ್ಟು ಕೆರಳಿಸುತ್ತವೆ.

ಔಷಧಿ ಇದೆ. ಅಸೈಕ್ಲೋವಿರ್ ಅಂತ ಹೆಸರು. ಗರ್ಟ್ರೂಡ್ ಎಲಿಯನ್ ಅನ್ನುವ ವಿಜ್ಞಾನಿ ಮತ್ತು ಅವರ ತಂಡದ ಕೆಲಸದಿಂದ ಬಂದ ಮದ್ದು. ಅವರಿಗೆ 1988ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಮದ್ದು ಶುರು ಮಾಡುವ ಸಮಯ ಮುಖ್ಯ. ಚುರುಗುಟ್ಟಿದ ಕೂಡಲೇ ಶುರು ಮಾಡಿದರೆ ಗುಳ್ಳೆ ಸ್ವಲ್ಪ ಬೇಗ ಒಣಗುತ್ತದೆ. ಹಕ್ಕಳೆ ಕಟ್ಟಿದ ಮೇಲೆ ಹಚ್ಚಿದರೆ ಹೆಚ್ಚು ಪ್ರಯೋಜನ ಇಲ್ಲ. ಪದೇ ಪದೇ ಬರುವವರು ಗುಳ್ಳೆ ಇಲ್ಲದ ದಿನವೇ ಡಾಕ್ಟರನ್ನು ಕಂಡು, ಮುಂದಿನ ಸಲ ಏನು ಮಾಡಬೇಕು ಅಂತ ಕೇಳಿಟ್ಟುಕೊಳ್ಳಿ. ನರದಲ್ಲಿ ಕೂತ ವೈರಸ್ಸನ್ನು ಯಾವ ಮದ್ದೂ ಓಡಿಸುವುದಿಲ್ಲ. ಹಾಗೆ ಮಾಡುತ್ತೇನೆ ಅಂತ ಹೇಳಿ ದುಡ್ಡು ಕೇಳುವವರನ್ನು ನಂಬಬೇಡಿ. ಮುಲಾಮು ಹಚ್ಚುವಾಗ ಉಜ್ಜಬೇಡಿ, ಮೆಲ್ಲಗೆ ಒತ್ತಿ. ಹಚ್ಚುವ ಮೊದಲೂ ಆಮೇಲೂ ಸೋಪಿನಲ್ಲಿ ಕೈ ತೊಳೆಯಿರಿ. ಹಕ್ಕಳೆಯನ್ನು ಕಿತ್ತರೆ ರಕ್ತ ಬಂದು ಮಾಯುವುದು ತಡವಾಗುತ್ತದೆ, ಬಿಟ್ಟುಬಿಡಿ. ಹತ್ತು ದಿನವಾದರೂ ಮಾಯುವ ಲಕ್ಷಣ ಕಾಣದಿದ್ದರೆ ತೋರಿಸಿ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಕಿಡ್ನಿ ಕಸಿ ಆದವರು, ಮೈಯಲ್ಲಿ ಕಜ್ಜಿಯ ಹಾಗೆ ಒಣ ಎಕ್ಜಿಮಾ ಇರುವ ಮಕ್ಕಳು ಅಷ್ಟು ದಿನವೂ ಕಾಯಬಾರದು.

ಉಳಿದ ಸಮಯವನ್ನು ನಾನು ಎಳೆಕೂಸುಗಳಿಗಾಗಿ ಇಟ್ಟುಕೊಂಡಿದ್ದೇನೆ. ದೊಡ್ಡವರಿಗೆ ಇದು ಹತ್ತು ದಿನದ ಕಿರಿಕಿರಿ. ಹುಟ್ಟಿದ ಮೊದಲ ಆರು ವಾರದ ಕೂಸಿಗೆ ಇದೇ ವೈರಸ್ ಜೀವಕ್ಕೆ ಅಪಾಯ. ಮಿದುಳಿಗೆ, ಲಿವರಿಗೆ ಹರಡಬಹುದು. ತಾಯಿಗೆ ಮೊದಲೇ ಈ ಸೋಂಕು ಆಗಿದ್ದರೆ ಹೊಟ್ಟೆಯಲ್ಲಿದ್ದಾಗಲೇ ಕೂಸಿಗೆ ಸ್ವಲ್ಪ ರಕ್ಷಣೆ ಸಿಕ್ಕಿರುತ್ತದೆ. ತಾಯಿಗೆ ಆಗಿರದಿದ್ದರೆ ಅದೂ ಇರುವುದಿಲ್ಲ. ಹೊರಗಿನವರ ಒಂದು ಮುತ್ತು ಸಾಕು.

ನಮ್ಮಲ್ಲಿ ಕೂಸನ್ನು ನೋಡಲು ಎಲ್ಲರೂ ಬರುತ್ತಾರೆ. ತೊಟ್ಟಿಲಿಗೆ ಹಾಕುವ ದಿನ ಕೂಸು ಮಡಿಲಿಂದ ಮಡಿಲಿಗೆ ಹೋಗುತ್ತದೆ. ಬೆರಳಲ್ಲಿ ಜೇನು ನೆಕ್ಕಿಸುವವರಿದ್ದಾರೆ. ಒಂದು ವರ್ಷದೊಳಗಿನ ಮಗುವಿಗೆ ಜೇನು ಹೇಗೂ ಕೊಡಬಾರದು. ಕಿವಿಯಲ್ಲಿ ಹೆಸರು ಹೇಳುವ ಸೋದರತ್ತೆಯ ತುಟಿಯಲ್ಲಿ ಗುಳ್ಳೆ ಇದ್ದರೆ ಆ ಶಾಸ್ತ್ರವನ್ನು ಇನ್ನೊಬ್ಬರು ಮಾಡಲಿ. ಬಾಣಂತಿಗೆ ಇದನ್ನು ಹೇಳುವುದು ಕಷ್ಟ ಅಂತ ನನಗೆ ಗೊತ್ತು. ಅತ್ತೆ, ಗುಳ್ಳೆ ವಾಸಿಯಾದ ಮೇಲೆ ಮುದ್ದು ಮಾಡಿ ಅಂದರೆ ಎಷ್ಟು ದಿನ ಅದೇ ಮಾತಾಗುತ್ತದೋ ಅಂತ ಅವಳಿಗೆ ಭಯ. ಅದನ್ನು ಅವಳ ತಲೆಗೆ ಕಟ್ಟಬೇಡಿ. ಅವಳ ಗಂಡ ಹೇಳಲಿ, ಅವಳ ತಾಯಿ ಹೇಳಲಿ. ಬಂದವರೇ ಮುಂಚಿತವಾಗಿ, ನನ್ನ ತುಟಿ ಚುರುಗುಟ್ಟುತ್ತಿದೆ ಕಣಮ್ಮ, ನಾನು ದೂರದಿಂದಲೇ ನೋಡುತ್ತೇನೆ ಅಂದರೆ ಇನ್ನೂ ಚೆನ್ನ.

ಬಾಣಂತಿಗೇ ಗುಳ್ಳೆ ಎದ್ದರೆ? ಎದೆಹಾಲು ನಿಲ್ಲಿಸಬೇಕಾಗಿಲ್ಲ. ಮಾಸ್ಕ್ ಹಾಕಿಕೊಂಡು, ಕೈ ತೊಳೆದು ಹಾಲು ಕೊಡಲಿ. ಎದೆಯ ಮೇಲೆ ಗುಳ್ಳೆ ಇದ್ದರೆ ಮಾತ್ರ ಆ ಕಡೆಯ ಹಾಲು ಬೇಡ, ಡಾಕ್ಟರನ್ನು ಕೇಳಬೇಕು. ಎಳೆಕೂಸು ಹಾಲು ಕುಡಿಯುವುದನ್ನು ಬಿಟ್ಟರೆ, ಎಬ್ಬಿಸಿದರೂ ಏಳದೆ ಮಂಕಾಗಿ ಮಲಗಿದರೆ, ಮೈ ಬಿಸಿಯಾದರೆ ಅಥವಾ ತಣ್ಣಗಾದರೆ, ಚರ್ಮದ ಮೇಲೆ ಒಂದೇ ಒಂದು ನೀರುಗುಳ್ಳೆ ಕಂಡರೆ, ಫಿಟ್ಸ್ ಬಂದರೆ, ಬೆಳಗಾಗಲಿ ಅಂತ ಕಾಯಬೇಡಿ. ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ. ಮನೆಗೆ ಬಂದವರಲ್ಲಿ ಯಾರಿಗಾದರೂ ತುಟಿಯಲ್ಲಿ ಗುಳ್ಳೆ ಇತ್ತು ಅಂತ ನೆನಪಾದರೆ ಅದನ್ನೂ ಡಾಕ್ಟರಿಗೆ ಹೇಳಿ. ಮದ್ದು ಬೇಗ ಶುರುವಾದಷ್ಟೂ ಕೂಸು ಉಳಿಯುವ ಸಾಧ್ಯತೆ ಜಾಸ್ತಿ.

ನಮಸ್ಕಾರ.